ಒಕ್ಕಣ್ಣಿನಲ್ಲಿ ಲೋಕ ಸುತ್ತಿದ ವೈಲಿ ಪೋಸ್ಟ್

ವಿಮಾನ ನಡೆಸಲು ಕಲಿಯಬಯಸುವವರಿಗೆ ಮೊದಲ ಪರೀಕ್ಷೆ ಎದುರಾಗುವುದು ಆಕಾಶದಲ್ಲಲ್ಲ, ವೈದ್ಯರ ಕೊಠಡಿಯಲ್ಲಿ. ಕಣ್ಣು, ಕಿವಿ, ಹೃದಯ, ನರಮಂಡಲ, ಮನಸ್ಸಿನ ಸ್ಥಿತಿ ಎಲ್ಲವನ್ನೂ ಪರೀಕ್ಷಿಸಿ ವೈದ್ಯರು ಸಹಿ ಹಾಕಿದ ಬಳಿಕವೇ ಪರವಾನಗಿಯ ಮಾತು. ಜೀವನೋಪಾಯಕ್ಕಾಗಿ ಹಾರುವವರಿಗೆ ಮಾತ್ರವಲ್ಲ, ರಜೆಯ ದಿನ ಸಂತೋಷಕ್ಕಾಗಿ ಹಾರುವ ಹವ್ಯಾಸಿಗಳಿಗೂ ಬಹುತೇಕ ದೇಶಗಳಲ್ಲಿ ಒಂದಿಲ್ಲೊಂದು ಬಗೆಯ ದೇಹಾರ್ಹತೆಯ ಕಟ್ಟಳೆ ಇದ್ದೇ ಇದೆ. ಎರಡೂ ಕಣ್ಣುಗಳ ದೃಷ್ಟಿ ಚೆನ್ನಾಗಿರಬೇಕೆಂಬುದು ಈ ಕಟ್ಟಳೆಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದು.

ಈ ಷರತ್ತಿಗೆ ಎಂದೂ ಹೊಂದಲಾಗದ ಒಬ್ಬ ವ್ಯಕ್ತಿಯೇ 1933ರಲ್ಲಿ ಒಬ್ಬಂಟಿಯಾಗಿ ವಿಮಾನದಲ್ಲಿ ಭೂಮಂಡಲವನ್ನು ಸುತ್ತಿ ಬಂದ ಮೊದಲಿಗರಾದರು. ಅವರ ಹೆಸರು ವೈಲಿ ಪೋಸ್ಟ್. ಎಡಗಣ್ಣಿನ ಮೇಲೆ ಬಿಳಿಯ ಪಟ್ಟಿ ಕಟ್ಟಿಕೊಂಡ, ಕುಳ್ಳಗಿನ ಗಟ್ಟಿಮುಟ್ಟಾದ ಈ ಅಮೆರಿಕನ್ ವೈಮಾನಿಕರ ಬದುಕು ಸಾಹಸದ ಕಥೆಯಷ್ಟೇ ಅಲ್ಲ. ಮನುಷ್ಯನ ಅರ್ಹತೆಯನ್ನು ಅವನ ದೇಹದ ಊನದಿಂದ ಅಳೆಯಬೇಕೋ, ಅವನು ಮಾಡಿ ತೋರಿಸುವ ಕೆಲಸದಿಂದ ಅಳೆಯಬೇಕೋ ಎಂಬ ಪ್ರಶ್ನೆಯನ್ನು ವಿಮಾನಯಾನ ಇಲಾಖೆಗಳ ಮುಂದಿಟ್ಟ ಕಥೆಯೂ ಹೌದು.

ಹತ್ತಿಯ ಹೊಲದಿಂದ ಸೆರೆಮನೆಗೆ

ವೈಲಿ ಪೋಸ್ಟ್ ಹುಟ್ಟಿದ್ದು 1898ರ ನವೆಂಬರ್ 22ರಂದು, ಟೆಕ್ಸಾಸ್ ರಾಜ್ಯದ ಗ್ರ್ಯಾಂಡ್ ಸಲೈನ್ ಎಂಬ ಸಣ್ಣ ಊರಿನ ಬಳಿ. ತಂದೆತಾಯಿ ರೈತರು. ವೈಲಿ ಬಾಲಕನಾಗಿದ್ದಾಗಲೇ ಕುಟುಂಬ ನೆರೆಯ ಒಕ್ಲಹೋಮಾಕ್ಕೆ ವಲಸೆ ಹೋಯಿತು. ಹುಡುಗನಿಗೆ ಬೇಸಾಯವೂ ಒಗ್ಗಲಿಲ್ಲ, ಪಾಠವೂ ರುಚಿಸಲಿಲ್ಲ. ಪ್ರಾಥಮಿಕ ಹಂತ ಮುಗಿಯುವ ವೇಳೆಗೆ ಶಾಲೆಗೆ ಶರಣು ಹೊಡೆದಾಗಿತ್ತು. ಆದರೆ ಯಂತ್ರಗಳೆಂದರೆ ಪ್ರಾಣ. ಕೆಟ್ಟುಹೋದ ಸಲಕರಣೆಗಳನ್ನು ಬಿಚ್ಚಿ ಸರಿಪಡಿಸುವುದರಲ್ಲಿ ಆ ವಯಸ್ಸಿಗೇ ಎತ್ತಿದ ಕೈ.

1913ರಲ್ಲಿ ಲಾಟನ್ ನಗರದ ಜಾತ್ರೆಯಂಥ ಮೇಳದಲ್ಲಿ ಆ ಹುಡುಗ ಮೊಟ್ಟಮೊದಲ ಬಾರಿಗೆ ವಿಮಾನವನ್ನು ಕಂಡ. ಅಂದಿನಿಂದ ಮನಸ್ಸು ನೆಲದ ಮೇಲೆ ನಿಲ್ಲಲಿಲ್ಲ. ಕ್ಯಾನ್ಸಾಸ್ ಸಿಟಿಯ ಮೋಟಾರು ಶಾಲೆಯೊಂದರಲ್ಲಿ ಯಂತ್ರವಿದ್ಯೆ ಕಲಿತದ್ದೂ ಆ ಕನಸಿನ ಬೆನ್ನು ಹತ್ತಿಯೇ. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆಯ ವಿದ್ಯಾರ್ಥಿ ತರಬೇತಿ ದಳಕ್ಕೆ ಸೇರಿ ರೇಡಿಯೋ ತಂತ್ರಜ್ಞಾನ ಕಲಿತರು. ಆದರೆ ರಣರಂಗ ತಲುಪುವ ಮೊದಲೇ ಯುದ್ಧ ಮುಗಿಯಿತು.

ಆಮೇಲಿನ ದಿನಗಳು ಸುಖದವಲ್ಲ. ತೈಲಬಾವಿಗಳಲ್ಲಿ ಕೂಲಿ, ನಡುನಡುವೆ ನಿರುದ್ಯೋಗ. 1921ರಲ್ಲಿ ದಾರಿಯಲ್ಲಿ ವಾಹನ ತಡೆದು ದರೋಡೆ ನಡೆಸಿದ ಅಪರಾಧಕ್ಕಾಗಿ ಪೋಸ್ಟ್ ಅವರಿಗೆ ಹತ್ತು ವರ್ಷಗಳ ಶಿಕ್ಷೆಯಾಯಿತು. ಒಕ್ಲಹೋಮಾದ ಸುಧಾರಣಾ ಸೆರೆಮನೆಯಲ್ಲಿ ಅವರು ತೀವ್ರ ಖಿನ್ನತೆಗೆ ಒಳಗಾದರು. ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಕಳೆದ ಬಳಿಕ, 1922ರಲ್ಲಿ ಪೆರೋಲ್ ದೊರೆಯಿತು. ವಿಮಾನ ಚಾಲಕರ ಮನಸ್ಸಿನ ಇತಿಹಾಸವನ್ನೂ ಕೆದಕಿ ನೋಡುವ ಇಂದಿನ ಪದ್ಧತಿಯಲ್ಲಿ ಈ ಒಂದು ಅಧ್ಯಾಯವೇ ಅನೇಕ ಪ್ರಶ್ನೆಗಳನ್ನು ಎಬ್ಬಿಸುತ್ತಿತ್ತು.

1924ರಲ್ಲಿ ಊರೂರು ಸುತ್ತಿ ವಿಮಾನದ ಕಸರತ್ತು ತೋರಿಸುತ್ತಿದ್ದ ತಂಡವೊಂದು ಒಕ್ಲಹೋಮಾಕ್ಕೆ ಬಂದಿತ್ತು. ಪ್ಯಾರಾಚೂಟ್ ಜಿಗಿತಗಾರನಿಗೆ ಪೆಟ್ಟಾಗಿತ್ತು. ಆ ಜಾಗಕ್ಕೆ ಪೋಸ್ಟ್ ತಾವಾಗಿಯೇ ಮುಂದೆ ಬಂದರು. ಅದುವರೆಗೆ ಒಮ್ಮೆಯೂ ಜಿಗಿದವರಲ್ಲ. ಮುಂದಿನ ಎರಡು ವರ್ಷಗಳಲ್ಲಿ 99 ಸಲ ಜಿಗಿದರು. ಬಿಡುವಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ವಿಮಾನ ನಡೆಸುವುದನ್ನೂ ಕಲಿತರು. ಸ್ವಂತ ವಿಮಾನ ಕೊಳ್ಳಬೇಕೆಂಬ ಹಂಬಲ ಮತ್ತೆ ಅವರನ್ನು ತೈಲಬಾವಿಗೆ ಎಳೆದೊಯ್ದಿತು.

ಕಣ್ಣು ಹೋಯಿತು, ವಿಮಾನ ಬಂತು

1926ರ ಅಕ್ಟೋಬರ್ 1. ಒಕ್ಲಹೋಮಾದ ಸೆಮಿನೋಲ್ ಬಳಿಯ ತೈಲಬಾವಿಯಲ್ಲಿ ಪೋಸ್ಟ್ ಕೆಲಸಕ್ಕಿದ್ದರು. ಸಹ ಕೆಲಸಗಾರನೊಬ್ಬ ಸುತ್ತಿಗೆಯಿಂದ ಬಡಿಯುತ್ತಿದ್ದಾಗ ಸಿಡಿದ ಕಬ್ಬಿಣದ ಚೂರು ಅವರ ಎಡಗಣ್ಣಿಗೆ ಹೊಕ್ಕಿತು. ಗಾಯಕ್ಕೆ ಸೋಂಕು ತಗುಲಿತು. ಆ್ಯಂಟಿಬಯಾಟಿಕ್‌ಗಳು ಇನ್ನೂ ಬಳಕೆಗೆ ಬಾರದ ಕಾಲವದು. ಒಂದು ಕಣ್ಣಿನ ರೋಗ ಇನ್ನೊಂದನ್ನೂ ನುಂಗುವ ಭೀತಿ ಎದುರಾದಾಗ, ಬಲಗಣ್ಣನ್ನು ಉಳಿಸಲು ವೈದ್ಯರು ಎಡಗಣ್ಣನ್ನು ತೆಗೆದುಹಾಕಿದರು.

ವೈಮಾನಿಕನಾಗಬೇಕೆಂದು ಹೊರಟ 27ರ ಯುವಕನಿಗೆ ಇದಕ್ಕಿಂತ ದೊಡ್ಡ ಆಘಾತ ಇನ್ನಾವುದು? ಬೇರೊಬ್ಬರಾಗಿದ್ದರೆ ಹಣೆಬರಹವೆಂದು ಕೈಚೆಲ್ಲುತ್ತಿದ್ದರೇನೋ. ಪೋಸ್ಟ್ ಮಾಡಿದ್ದು ಎರಡು ಕೆಲಸ. ಅಪಘಾತಕ್ಕೆ ಪರಿಹಾರವಾಗಿ ಬಂದ ಸುಮಾರು 1,800 ಡಾಲರ್ ಹಣದಿಂದ ಒಂದಿಷ್ಟನ್ನು ತೆಗೆದು, ಹಾನಿಗೊಂಡಿದ್ದ ಹಳೆಯ ತರಬೇತಿ ವಿಮಾನವೊಂದನ್ನು ಕೊಂಡು ದುರಸ್ತಿ ಮಾಡಿಸಿದ್ದು ಒಂದು. ಉಳಿದ ಕಣ್ಣಿಗೆ ಹೊಸದಾಗಿ ನೋಡಲು ಕಲಿಸಿದ್ದು ಇನ್ನೊಂದು.

ಈ ಎರಡನೆಯ ಕೆಲಸವೇ ಅಚ್ಚರಿಯದು. ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಅವರು ಟೆಕ್ಸಾಸ್‌ನ ಗುಡ್ಡಗಾಡಿನಲ್ಲಿ ಅಲೆಯುತ್ತ, ದೂರದ ಒಂದು ಮರವನ್ನೋ ದಿಬ್ಬವನ್ನೋ ಗುರುತಿಸಿ ಅದು ಎಷ್ಟು ದೂರವಿದೆಯೆಂದು ಮನಸ್ಸಿನಲ್ಲೇ ಅಂದಾಜು ಮಾಡುತ್ತಿದ್ದರು. ಬಳಿಕ ಹೆಜ್ಜೆ ಎಣಿಸುತ್ತ ಅಲ್ಲಿಗೆ ನಡೆದು ಲೆಕ್ಕ ತಾಳೆ ನೋಡುತ್ತಿದ್ದರು. ತಪ್ಪಿದರೆ ಮತ್ತೊಮ್ಮೆ. ದಿನಗಟ್ಟಲೆ ನಡೆದ ಈ ಸಾಧನೆಯಿಂದ ಅಂದಾಜು ಕರಾರುವಾಕ್ಕಾಗತೊಡಗಿತು.

ಇದರ ಹಿಂದಿನ ವಿಜ್ಞಾನ ಸರಳವಾದುದು. ಎರಡು ಕಣ್ಣುಗಳು ತುಸು ಬೇರೆ ಬೇರೆ ಕೋನಗಳಿಂದ ನೋಡುವುದರಿಂದ ಮಿದುಳಿಗೆ ವಸ್ತುವಿನ ದೂರ ತಿಳಿಯುತ್ತದೆ. ಆದರೆ ಈ ಲಾಭ ಹೆಚ್ಚಾಗಿ ಹತ್ತಿರದ ವಸ್ತುಗಳಿಗೆ ಸಂಬಂಧಿಸಿದ್ದು. ದೂರ ಹೆಚ್ಚಿದಂತೆ ಮಿದುಳು ಬೇರೆ ಸುಳಿವುಗಳನ್ನು ಆಶ್ರಯಿಸುತ್ತದೆ. ಪರಿಚಿತ ವಸ್ತುವಿನ ಗಾತ್ರ, ಒಂದರ ಹಿಂದೆ ಇನ್ನೊಂದು ಮರೆಯಾಗುವ ರೀತಿ, ಚಲಿಸುವಾಗ ಹತ್ತಿರದ್ದು ಬೇಗ ಸರಿದು ದೂರದ್ದು ನಿಧಾನವಾಗಿ ಸರಿಯುವ ಪರಿ ಇವೆಲ್ಲ ಒಂದೇ ಕಣ್ಣಿಗೂ ಸಿಗುವ ಸುಳಿವುಗಳು. ಓಡುದಾರಿಯ ಮೇಲೆ ಇಳಿಯುವ ವೈಮಾನಿಕ ಬಹುಪಾಲು ನೆಚ್ಚುವುದು ಇವನ್ನೇ. ಒಕ್ಕಣ್ಣಿನವರಿಗೆ ನಿಜವಾದ ತೊಡಕು ದೃಷ್ಟಿಯ ಹರವು ಕುಗ್ಗುವುದು. ಕಾಣದ ಬದಿಯತ್ತ ಮತ್ತೆ ಮತ್ತೆ ತಲೆ ತಿರುಗಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಲೇಬೇಕು. ಕಣ್ಣು ಕಳೆದುಕೊಂಡವರಿಗೆ ಈ ಹೊಂದಾಣಿಕೆಗೆ ತಿಂಗಳುಗಳ ಕಾಲಾವಕಾಶ ಬೇಕೆಂದು ವೈಮಾನಿಕ ವೈದ್ಯಶಾಸ್ತ್ರ ಮುಂದೆ ಒಪ್ಪಿಕೊಂಡಿತು. ಪೋಸ್ಟ್ ಅದನ್ನು ಯಾರ ಮಾರ್ಗದರ್ಶನವೂ ಇಲ್ಲದೆ ಬೆಟ್ಟದ ಬಯಲಿನಲ್ಲಿ ಸಾಧಿಸಿಕೊಂಡಿದ್ದರು.

ಕಾನೂನಿನ ಬಾಗಿಲಲ್ಲಿ

ಪೋಸ್ಟ್ ಕಣ್ಣು ಕಳೆದುಕೊಂಡ ವರ್ಷವೇ ಅಮೆರಿಕದ ಆಕಾಶಕ್ಕೆ ಕಾನೂನು ಬಂದದ್ದು ವಿಧಿಯ ವಿಚಿತ್ರ. ಅದುವರೆಗೆ ಯಾರು ಬೇಕಾದರೂ ವಿಮಾನ ಹಾರಿಸಬಹುದಿತ್ತು. 1926ರ ಮೇ ತಿಂಗಳಿನಲ್ಲಿ ಜಾರಿಯಾದ ವಾಯು ವಾಣಿಜ್ಯ ಕಾಯಿದೆ ವಾಣಿಜ್ಯ ಇಲಾಖೆಗೆ ವಿಮಾನಗಳನ್ನೂ ವೈಮಾನಿಕರನ್ನೂ ಪರೀಕ್ಷಿಸಿ ಪರವಾನಗಿ ನೀಡುವ ಅಧಿಕಾರ ಕೊಟ್ಟಿತು. ಆ ವರ್ಷದ ಕೊನೆಯ ದಿನದಿಂದ ನಿಯಮಗಳು ಜಾರಿಗೆ ಬಂದವು.

ವೈದ್ಯಕೀಯ ಮಾನದಂಡಗಳನ್ನು ರೂಪಿಸುವ ಹೊಣೆ ಸೇನೆಯಲ್ಲಿ ವೈಮಾನಿಕ ವೈದ್ಯರಾಗಿದ್ದ ಡಾ. ಲೂಯಿ ಬಾವರ್ ಅವರ ಹೆಗಲೇರಿತು. ಮಹಾಯುದ್ಧದಲ್ಲಿ ಶತ್ರುವಿನ ಗುಂಡಿಗಿಂತ ಚಾಲಕರ ದೇಹದೌರ್ಬಲ್ಯ ಮತ್ತು ತಪ್ಪುಗಳೇ ಹೆಚ್ಚು ವಿಮಾನಗಳನ್ನು ಉರುಳಿಸಿದವೆಂಬ ತಿಳಿವಳಿಕೆ ಆಗ ಬೇರೂರಿತ್ತು. ಹಾಗಾಗಿ ನಿಯಮಗಳು ಬಿಗಿಯಾಗಿಯೇ ಇದ್ದವು. ಆದರೂ ಬಾವರ್ ಒಂದು ವಿವೇಕದ ಗೆರೆ ಎಳೆದರು. ಪ್ರಯಾಣಿಕರನ್ನು ಹೊತ್ತೊಯ್ಯುವವರಿಗೆ ಅತಿ ಕಟ್ಟುನಿಟ್ಟು, ಖಾಸಗಿಯಾಗಿ ಹಾರುವವರಿಗೆ ತುಸು ಸಡಿಲ. ಹೆಚ್ಚು ಜನರ ಪ್ರಾಣ ಯಾರ ಕೈಯಲ್ಲಿದೆಯೋ ಅವರಿಗೆ ಹೆಚ್ಚಿನ ಪರೀಕ್ಷೆ ಎಂಬ ಈ ತತ್ವವೇ ಇಂದಿಗೂ ವೈದ್ಯಕೀಯ ವರ್ಗೀಕರಣದ ಬೆನ್ನೆಲುಬು. 1927ರ ಫೆಬ್ರುವರಿಯಲ್ಲಿ ದೇಶದ ಬೇರೆ ಬೇರೆ ಕಡೆಯ 57 ಮಂದಿ ವೈದ್ಯರನ್ನು ಈ ಪರೀಕ್ಷೆಗಾಗಿ ನೇಮಿಸಲಾಯಿತು.

ಪೋಸ್ಟ್ ಅವರಿಗೆ ಬೇಕಿದ್ದುದು ಹವ್ಯಾಸದ ಪರವಾನಗಿಯಲ್ಲ, ಪ್ರಯಾಣಿಕರನ್ನು ಸಾಗಿಸಬಲ್ಲ ಅತ್ಯುನ್ನತ ದರ್ಜೆಯದು. ಆ ವೇಳೆಗಾಗಲೇ ಅವರ ಹೆಗಲ ಮೇಲೆ ಸಂಸಾರವಿತ್ತು. 1927ರಲ್ಲಿ ಮೇ ಲೇಯ್ನ್ ಎಂಬ ತರುಣಿಯನ್ನು ವಿಮಾನದಲ್ಲೇ ಕರೆದೊಯ್ದು ಮದುವೆಯಾಗಿದ್ದರು. ಒಕ್ಲಹೋಮಾದ ತೈಲೋದ್ಯಮಿ ಎಫ್.ಸಿ. ಹಾಲ್ ಅವರಲ್ಲಿ ವೈಮಾನಿಕನ ಕೆಲಸ ಸಿಕ್ಕಿತ್ತು. ಪರವಾನಗಿ ಇಲ್ಲವೆಂದರೆ ಅನ್ನವೂ ಇಲ್ಲ.

ಪುಸ್ತಕದಲ್ಲಿದ್ದ ಅಕ್ಷರವನ್ನಷ್ಟೇ ನೋಡಿದ್ದರೆ ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಲಾಖೆ ವಿನಾಯಿತಿಯ ಸಣ್ಣದೊಂದು ಕಿಂಡಿಯನ್ನು ತೆರೆದಿಟ್ಟಿತ್ತು. ನೂರಾರು ಗಂಟೆಗಳ ಪರೀಕ್ಷಾರ್ಥ ಹಾರಾಟವನ್ನು ಅಪಘಾತವಿಲ್ಲದೆ ಪೂರೈಸಿ, ಕಣ್ಣಿನ ಕೊರತೆಯಿಂದ ಕೆಲಸಕ್ಕೆ ಕುಂದಿಲ್ಲವೆಂದು ಪೋಸ್ಟ್ ತೋರಿಸಿಕೊಟ್ಟರು. 1928ರ ಸೆಪ್ಟೆಂಬರ್ 16ರಂದು 3259ನೇ ಸಂಖ್ಯೆಯ ಪರವಾನಗಿ ಅವರ ಕೈ ಸೇರಿತು.

ಎಂಟು ದಿನಗಳಲ್ಲಿ ಜಗತ್ತು

ಹಾಲ್ ಅವರು 1930ರಲ್ಲಿ ಲಾಕ್‌ಹೀಡ್ ಸಂಸ್ಥೆಯ ವೇಗಾ ಮಾದರಿಯ ವಿಮಾನವೊಂದನ್ನು ಕೊಂಡು ಅದಕ್ಕೆ ತಮ್ಮ ಮಗಳು ವಿನ್ನಿ ಮೇಯ ಹೆಸರಿಟ್ಟರು. ಬಿಳಿ ಬಣ್ಣದ, ಮರದ ಮೈಯ ಆ ವಿಮಾನ ಮತ್ತು ಪೋಸ್ಟ್ ಮುಂದೆ ಬೇರ್ಪಡಿಸಲಾಗದ ಜೋಡಿಯಾದವು. ಅದೇ ವರ್ಷದ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಿಂದ ಷಿಕಾಗೋವರೆಗಿನ ವಿಮಾನ ಪಂದ್ಯದಲ್ಲಿ ಪೋಸ್ಟ್ ಸುಮಾರು ಒಂಬತ್ತು ಗಂಟೆಗಳಲ್ಲಿ ಗುರಿ ಮುಟ್ಟಿ ಗೆದ್ದಾಗ ದೇಶ ಮೊದಲ ಬಾರಿ ಅವರತ್ತ ತಿರುಗಿ ನೋಡಿತು.

ಮುಂದಿನ ಗುರಿ ಭೂಪ್ರದಕ್ಷಿಣೆ. ಆಗ ಆ ದಾಖಲೆ ಇದ್ದುದು ಜರ್ಮನಿಯ ಗ್ರಾಫ್ ಜೆಪ್ಪೆಲಿನ್ ವಾಯುನೌಕೆಯ ಹೆಸರಿನಲ್ಲಿ. 1929ರಲ್ಲಿ ಅದು 21 ದಿನಗಳಲ್ಲಿ ಜಗತ್ತನ್ನು ಸುತ್ತಿತ್ತು. ಟಾಸ್ಮೇನಿಯಾ ಮೂಲದ ಪಥದರ್ಶಕ ಹೆರಾಲ್ಡ್ ಗ್ಯಾಟಿ ಅವರನ್ನು ಜತೆಗೂಡಿಸಿಕೊಂಡು ಪೋಸ್ಟ್ 1931ರ ಜೂನ್ 23ರಂದು ನ್ಯೂಯಾರ್ಕ್ ಬಳಿಯ ರೂಸ್‌ವೆಲ್ಟ್ ಫೀಲ್ಡ್‌ನಿಂದ ಮೇಲೇರಿದರು. ನ್ಯೂಫೌಂಡ್‌ಲ್ಯಾಂಡ್, ಬ್ರಿಟನ್, ಬರ್ಲಿನ್, ಮಾಸ್ಕೋ, ಸೈಬೀರಿಯಾದ ನೊವೊಸಿಬಿರ್ಸ್ಕ್ ಮತ್ತು ಇರ್ಕುಟ್ಸ್ಕ್, ಖಬರೋವ್ಸ್ಕ್, ಅಲಾಸ್ಕಾ, ಕೆನಡಾದ ಎಡ್ಮಂಟನ್ ಮಾರ್ಗವಾಗಿ ಜುಲೈ 1ರಂದು ಮರಳಿ ನ್ಯೂಯಾರ್ಕ್ ಮುಟ್ಟಿದಾಗ ಕಳೆದಿದ್ದ ಕಾಲ 8 ದಿನ, 15 ಗಂಟೆ, 51 ನಿಮಿಷ. ದಾರಿಯಲ್ಲಿ ಕೆಸರಿನಲ್ಲಿ ಚಕ್ರ ಹೂತಿದ್ದುಂಟು, ಅಲಾಸ್ಕಾದ ಕಡಲತೀರದಲ್ಲಿ ಪ್ರೊಪೆಲರ್ ಬಾಗಿದ್ದುಂಟು. ನ್ಯೂಯಾರ್ಕ್ ಬೀದಿಗಳಲ್ಲಿ ಕಾಗದದ ಮಳೆಗರೆದು ಜನ ಇಬ್ಬರನ್ನೂ ಮೆರವಣಿಗೆ ಮಾಡಿದರು.

ಆದರೆ ಕೀರ್ತಿಯ ಬೆನ್ನಿಗೇ ಕುಹಕವೂ ಬಂತು. ಆರನೆಯ ತರಗತಿ ದಾಟದ, ಒಂದು ಕಣ್ಣಿಲ್ಲದ ಮನುಷ್ಯ ಬರೀ ಚುಕ್ಕಾಣಿ ಹಿಡಿದ, ಬುದ್ಧಿಯ ಕೆಲಸವೆಲ್ಲ ಗ್ಯಾಟಿಯದು ಎಂಬ ಮಾತು ಹಬ್ಬಿತು. ಪೋಸ್ಟ್ ವಾದಕ್ಕಿಳಿಯಲಿಲ್ಲ. ಅದೇ ಹಾದಿಯಲ್ಲಿ ಒಬ್ಬರೇ ಹೋಗಿಬರಲು ಸಿದ್ಧತೆ ಆರಂಭಿಸಿದರು.

ನಿದ್ರೆಯೊಡನೆ ಸೆಣಸಾಟ

ಈ ಸಿದ್ಧತೆಯಲ್ಲಿ ಪೋಸ್ಟ್ ಅವರ ನಿಜವಾದ ಹಿರಿಮೆ ಅಡಗಿದೆ. ಒಬ್ಬಂಟಿ ಹಾರಾಟದಲ್ಲಿ ಶತ್ರುವೆಂದರೆ ಬಿರುಗಾಳಿಗಿಂತ ಮಿಗಿಲಾಗಿ ಆಯಾಸ ಎಂಬುದನ್ನು ಅವರು ಮನಗಂಡಿದ್ದರು. ಹೊತ್ತಿಗೆ ಸರಿಯಾಗಿ ಮಲಗಿ ಏಳುವ ದೇಹದ ರೂಢಿಯನ್ನೇ ಮುರಿಯಲು ತಿಂಗಳುಗಟ್ಟಲೆ ಹೊತ್ತಲ್ಲದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ನಿದ್ರಿಸುವ ಅಭ್ಯಾಸ ಮಾಡಿದರು. ಹಾರಾಟದ ಕಾಲದಲ್ಲಿ ಮಿತಾಹಾರ. ಹೊಟ್ಟೆ ತುಂಬಿದರೆ ಕಣ್ಣು ಎಳೆಯುತ್ತದೆಂಬುದು ಅವರ ಅನುಭವ. ವಿಮಾನಕ್ಕೆ ಆಗಿನ್ನೂ ಹೊಸದಾಗಿದ್ದ ಸ್ಪೆರ್ರಿ ಸಂಸ್ಥೆಯ ಸ್ವಯಂಚಾಲನ ಯಂತ್ರವನ್ನೂ ರೇಡಿಯೋ ದಿಕ್ಸೂಚಕವನ್ನೂ ಅಳವಡಿಸಿದರು. ಅದು ಸಾಲದೆಂಬಂತೆ ಒಂದು ಹಳ್ಳಿಯ ಉಪಾಯ. ಬೆರಳಿಗೆ ದಾರ ಕಟ್ಟಿ ಅದರ ಇನ್ನೊಂದು ತುದಿಗೆ ಸ್ಪ್ಯಾನರ್ ಬಿಗಿದು ಕೈಯಲ್ಲಿ ಹಿಡಿದುಕೊಳ್ಳುವುದು. ತೂಕಡಿಕೆ ಬಂದರೆ ಹಿಡಿತ ಸಡಿಲಿ ಸ್ಪ್ಯಾನರ್ ಬೀಳುತ್ತದೆ, ಬೆರಳು ಜಗ್ಗಿ ಎಚ್ಚರವಾಗುತ್ತದೆ.

1933ರ ಜುಲೈ 15ರಂದು ನ್ಯೂಯಾರ್ಕಿನಿಂದ ಹೊರಟ ಪೋಸ್ಟ್ ಎಲ್ಲೂ ಇಳಿಯದೆ ನೇರವಾಗಿ ಬರ್ಲಿನ್ ತಲುಪಿದರು. ಸ್ವಯಂಚಾಲನ ಯಂತ್ರ ಹಲವು ಬಾರಿ ಕೈಕೊಟ್ಟಿತು. ಅಲಾಸ್ಕಾದ ಫ್ಲ್ಯಾಟ್ ಎಂಬ ಗಣಿಯೂರಿನ ಕಿರಿದಾದ ಓಡುದಾರಿಯಲ್ಲಿ ವಿಮಾನ ಮುಗ್ಗರಿಸಿ ಪ್ರೊಪೆಲರ್ ಬಾಗಿತು. ಅಲ್ಲಿನ ಗಣಿಗಾರರು ವಿಮಾನವನ್ನು ಎತ್ತಿ ನಿಲ್ಲಿಸಿ ರಿಪೇರಿಗೆ ನೆರವಾದರೆ, ಪೋಸ್ಟ್ ಆ ಸಮಯದಲ್ಲಿ ಒಂದಿಷ್ಟು ನಿದ್ರಿಸಿದರು. ಜುಲೈ 22ರ ರಾತ್ರಿ ನ್ಯೂಯಾರ್ಕಿನ ಫ್ಲಾಯ್ಡ್ ಬೆನೆಟ್ ನಿಲ್ದಾಣದಲ್ಲಿ ವಿನ್ನಿ ಮೇ ಇಳಿದಾಗ ಕಾದಿದ್ದವರು ಸುಮಾರು 50 ಸಾವಿರ ಜನ. ತೆಗೆದುಕೊಂಡ ಕಾಲ 7 ದಿನ, 18 ಗಂಟೆ, 49 ನಿಮಿಷ. ಇಬ್ಬರು ಮಾಡಿದ ದಾಖಲೆಯನ್ನು ಒಬ್ಬರೇ 21 ಗಂಟೆಗಳಷ್ಟು ಕಡಿತಗೊಳಿಸಿದ್ದರು. ಕುಹಕಕ್ಕೆ ಉತ್ತರ ಸಂದಿತ್ತು.

ಗಾಳಿ ತೆಳುವಾದ ಎತ್ತರದಲ್ಲಿ

ಇನ್ನೂ ವೇಗವಾಗಿ ಹಾರಬೇಕೆಂದರೆ ಇನ್ನೂ ಎತ್ತರಕ್ಕೆ ಏರಬೇಕು. ಅಲ್ಲಿ ಗಾಳಿಯ ಪ್ರತಿರೋಧ ಕಡಿಮೆ. ಆದರೆ ಸುಮಾರು 40 ಸಾವಿರ ಅಡಿಗಿಂತ ಮೇಲೆ ಶುದ್ಧ ಆಮ್ಲಜನಕವನ್ನು ಉಸಿರಾಡಿದರೂ ಸಾಲದು, ಒತ್ತಡವೇ ಇಲ್ಲದ ಮೇಲೆ ಅದು ರಕ್ತಕ್ಕೆ ಬೇಕಾದಷ್ಟು ಸೇರುವುದಿಲ್ಲ. ವಿನ್ನಿ ಮೇಯ ಮರದ ಮೈಗೆ ಒಳಗಿನ ಒತ್ತಡವನ್ನು ತಡೆಯುವ ಶಕ್ತಿ ಇರಲಿಲ್ಲ. ವಿಮಾನಕ್ಕೆ ಆಗದಿದ್ದರೆ ವೈಮಾನಿಕನ ಮೈಗೇ ಒತ್ತಡದ ಕವಚ ತೊಡಿಸಿದರಾಯಿತೆಂದು ಪೋಸ್ಟ್ ಯೋಚಿಸಿದರು.

1934ರಲ್ಲಿ ಅವರು ಬಿ.ಎಫ್. ಗುಡ್‌ರಿಚ್ ರಬ್ಬರ್ ಕಂಪನಿಯ ಬಾಗಿಲು ತಟ್ಟಿದರು. ಅಲ್ಲಿನ ಎಂಜಿನಿಯರ್ ರಸೆಲ್ ಕೋಲಿ ಜತೆಗೂಡಿದರು. ಮೊದಲ ಉಡುಪು ಒತ್ತಡ ತಾಳಲಿಲ್ಲ. ಎರಡನೆಯದರೊಳಗೆ ಪೋಸ್ಟ್ ಸಿಕ್ಕಿಹಾಕಿಕೊಂಡು, ಅದನ್ನು ಕತ್ತರಿಸಿ ಅವರನ್ನು ಹೊರತೆಗೆಯಬೇಕಾಯಿತು. ಮೂರನೆಯದು ಗೆದ್ದಿತು. ಮುಳುಗುಗಾರರ ಶಿರಸ್ತ್ರಾಣವನ್ನು ಹೋಲುವ ಲೋಹದ ಟೋಪಿ, ರಬ್ಬರಿನ ಒಳಪದರ, ಬಟ್ಟೆಯ ಹೊರಪದರದ ಆ ಉಡುಪು ತೊಟ್ಟು 1934ರ ಸೆಪ್ಟೆಂಬರ್‌ನಲ್ಲಿ ಷಿಕಾಗೋ ಮೇಲೆ ಅವರು ಸುಮಾರು 40 ಸಾವಿರ ಅಡಿ ಎತ್ತರ ಮುಟ್ಟಿದರು. ಮುಂದಿನ ಹಾರಾಟಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಭೋರ್ಗರೆಯುವ ಮೇಲ್ಗಾಳಿಯ ಪ್ರವಾಹವೂ ಅವರ ಅನುಭವಕ್ಕೆ ಬಂತು. 1935ರ ಮಾರ್ಚ್ 15ರಂದು ಕ್ಯಾಲಿಫೋರ್ನಿಯಾದಿಂದ ಕ್ಲೀವ್‌ಲ್ಯಾಂಡ್‌ವರೆಗಿನ ಎರಡು ಸಾವಿರಕ್ಕೂ ಹೆಚ್ಚು ಮೈಲಿಗಳನ್ನು ಏಳು ಗಂಟೆ 19 ನಿಮಿಷಗಳಲ್ಲಿ ಕ್ರಮಿಸಿದರು. ಹಳೆಯ ಮರದ ವಿಮಾನ ಗಂಟೆಗೆ ಸರಾಸರಿ 279 ಮೈಲಿ ವೇಗದಲ್ಲಿ ಸಾಗಿತ್ತು.

ಇದೇ ಕೋಲಿ ಮುಂದೆ ಅಮೆರಿಕದ ಮೊದಲ ಗಗನಯಾತ್ರಿಗಳ ಉಡುಪಿನ ವಿನ್ಯಾಸದಲ್ಲೂ ಪಾಲ್ಗೊಂಡರು. ವೈದ್ಯಕೀಯ ಪಟ್ಟಿಯ ಪ್ರಕಾರ ಅನರ್ಹನಾಗಬೇಕಿದ್ದ ಮನುಷ್ಯ, ಎಂಥ ಆರೋಗ್ಯವಂತನೂ ಬದುಕಿ ಉಳಿಯಲಾಗದ ಎತ್ತರದಲ್ಲಿ ಬದುಕುವ ಮಾರ್ಗವನ್ನು ತೋರಿಸಿಕೊಟ್ಟಿದ್ದರು.

ಕೊನೆಯ ಹಾರಾಟ

ವಿನ್ನಿ ಮೇ ವಯಸ್ಸಾಗಿ ದಣಿದಿತ್ತು. ಪೋಸ್ಟ್ ಲಾಕ್‌ಹೀಡ್‌ನ ಒಂದು ಮಾದರಿಯ ಮೈಗೆ ಇನ್ನೊಂದು ಮಾದರಿಯ ರೆಕ್ಕೆ ಜೋಡಿಸಿದ ಬೆರಕೆ ವಿಮಾನವೊಂದನ್ನು ಸಜ್ಜುಗೊಳಿಸಿದರು. ನೀರಿನ ಮೇಲೆ ಇಳಿಯಲು ಅದಕ್ಕೆ ಹಾಕಿದ ತೇಲುಗಾಲುಗಳು ಬೇರೊಂದು ದೊಡ್ಡ ವಿಮಾನಕ್ಕೆಂದು ತಯಾರಾದವು. ಇವೆಲ್ಲ ಸೇರಿ ವಿಮಾನದ ಮೂತಿ ಅಳತೆ ಮೀರಿ ಭಾರವಾಯಿತು.

ಅಲಾಸ್ಕಾ ಸುತ್ತುವ ಆ ಪ್ರವಾಸದಲ್ಲಿ ಜತೆಗಿದ್ದವರು ಆಪ್ತ ಗೆಳೆಯ ವಿಲ್ ರಾಜರ್ಸ್. ಅಂಕಣಕಾರ, ನಟ, ಹಾಸ್ಯಗಾರನಾಗಿ ಆ ಕಾಲದ ಅಮೆರಿಕದ ಮನೆಮಾತು. 1935ರ ಆಗಸ್ಟ್ 15ರಂದು ಉತ್ತರ ತುದಿಯ ಪಾಯಿಂಟ್ ಬ್ಯಾರೋ ಸಮೀಪ ಮಂಜು ಕವಿದು ದಾರಿ ತಪ್ಪಿದಾಗ ಒಂದು ಹಿನ್ನೀರಿನಲ್ಲಿ ಇಳಿದರು. ಸ್ಥಳೀಯರಿಂದ ದಿಕ್ಕು ಕೇಳಿ ತಿಳಿದು ಮತ್ತೆ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಎಂಜಿನ್ ನಿಂತಿತು. ಮೂತಿ ಭಾರದ ವಿಮಾನ ನೇರವಾಗಿ ನೀರಿಗೆ ಬಿತ್ತು. ಇಬ್ಬರೂ ಅಲ್ಲೇ ಮೃತಪಟ್ಟರು. ಪೋಸ್ಟ್ ಅವರಿಗೆ ಆಗ 36 ವರ್ಷ.

ಆ ದುರಂತಕ್ಕೆ ಕಾಣದ ಕಣ್ಣು ಕಾರಣವಾಗಿರಲಿಲ್ಲ. ಎಂಜಿನ್ ಸೋತಾಗ ಹತೋಟಿಗೆ ಸಿಗದಂತೆ ತೂಕ ತಪ್ಪಿದ್ದ ವಿಮಾನ ಕಾರಣವಾಗಿತ್ತು. ತಮ್ಮ ದೇಹದ ಕೊರತೆಯನ್ನು ಅಷ್ಟೊಂದು ಶಿಸ್ತಿನಿಂದ ಅಳೆದು ತೂಗಿ ಸರಿದೂಗಿಸಿಕೊಂಡಿದ್ದವರು, ವಿಮಾನದ ಕೊರತೆಯ ವಿಷಯದಲ್ಲಿ ಅದೇ ಶಿಸ್ತು ತೋರಲಿಲ್ಲವೆಂಬುದು ಅವರ ಬದುಕಿನ ದೊಡ್ಡ ವ್ಯಂಗ್ಯ. ಬೆಲೆ ತೆತ್ತವರು ಅವರೊಬ್ಬರೇ ಅಲ್ಲ, ನಂಬಿ ಹತ್ತಿದ ಗೆಳೆಯನೂ ಹೌದು.

ಉಳಿದಿರುವ ಪಾಠ

ಪೋಸ್ಟ್ ಅವರ ಪತ್ನಿಯಿಂದ ವಿನ್ನಿ ಮೇಯನ್ನು ಸ್ಮಿತ್ಸೋನಿಯನ್ ಸಂಸ್ಥೆ ಖರೀದಿಸಿತು. ವಿಮಾನವೂ ಮೂರನೆಯ ಒತ್ತಡದ ಉಡುಪೂ ಇಂದು ಅಲ್ಲಿನ ಸಂಗ್ರಹದಲ್ಲಿವೆ. ಆದರೆ ಹವ್ಯಾಸಿ ವೈಮಾನಿಕರಿಗೆ ಹೆಚ್ಚು ಬಳಕೆಗೆ ಬಂದ ಆಸ್ತಿ ಬೇರೆಯೇ ಇದೆ.

ಅಮೆರಿಕದಲ್ಲಿ ಖಾಸಗಿ ಹಾರಾಟದ ಮೂರನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರಕ್ಕೆ ಪ್ರತಿ ಕಣ್ಣಿಗೂ ಬೇರೆ ಬೇರೆಯಾಗಿ ದೃಷ್ಟಿಯ ಕನಿಷ್ಠ ಮಟ್ಟ ನಿಗದಿಯಾಗಿದೆ. ಆದರೂ ಒಂದೇ ಕಣ್ಣಿನವರಿಗೆ ಬಾಗಿಲು ಮುಚ್ಚಿಲ್ಲ. ಹೊಂದಾಣಿಕೆಯ ಅವಧಿ ಕಳೆದ ಬಳಿಕ ಅಧಿಕಾರಿಯ ಎದುರಿನಲ್ಲಿ ವಿಮಾನ ಹಾರಿಸಿ ಸಾಮರ್ಥ್ಯ ತೋರಿದರೆ ವಿಶೇಷ ಪತ್ರ ದೊರೆಯಬಹುದು. 2004ರಿಂದ ಹಗುರ ಕ್ರೀಡಾ ವಿಮಾನಗಳನ್ನು ನಡೆಸುವವರಿಗೆ ಮೋಟಾರು ವಾಹನ ಚಾಲನಾ ಪರವಾನಗಿಯನ್ನೇ ದೇಹಾರ್ಹತೆಯ ಆಧಾರವೆಂದು ಒಪ್ಪಲಾಯಿತು. 2017ರ ಮೇ 1ರಿಂದ ಜಾರಿಯಾದ ಬೇಸಿಕ್‌ಮೆಡ್ ವ್ಯವಸ್ಥೆ, ಷರತ್ತುಗಳೊಂದಿಗೆ ಸಾಮಾನ್ಯ ವೈದ್ಯರ ತಪಾಸಣೆಗೂ ಮಾನ್ಯತೆ ಕೊಟ್ಟಿತು. ಭಾರತದಲ್ಲಿ ಖಾಸಗಿ ವೈಮಾನಿಕರ ಪರವಾನಗಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಎರಡನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರವನ್ನು ಕೇಳುತ್ತದೆ.

ನಿಯಮ ಸಡಿಲವಾದಷ್ಟೂ ಹೊಣೆ ಹಾರುವವರ ಹೆಗಲಿಗೆ ಸರಿಯುತ್ತದೆ. ಜ್ವರವೋ ನಿದ್ರೆಗೇಡೋ ಮಂಪರು ತರುವ ಮಾತ್ರೆಯೋ ಇರುವ ದಿನ ವಿಮಾನ ಏರಬಾರದೆಂದು ತೀರ್ಮಾನಿಸಬೇಕಾದವರು ವೈದ್ಯರಲ್ಲ, ವೈಮಾನಿಕರೇ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಸಿಗುವ ಸಹಿ ಅಂದಿನ ಬೆಳಗಿನ ಸ್ಥಿತಿಯನ್ನು ಹೇಳಲಾರದು.

ವೈಲಿ ಪೋಸ್ಟ್ ಅವರ ಬದುಕು ನಿಯಮಗಳು ಬೇಡವೆಂದು ಸಾರುವುದಿಲ್ಲ. ಅವರಿಗೆ ವಿನಾಯಿತಿ ಸಿಕ್ಕಿದ್ದು ಕರುಣೆಯಿಂದಲ್ಲ, ನೂರಾರು ಗಂಟೆಗಳ ಹಾರಾಟದ ಪುರಾವೆಯಿಂದ. ಕೊರತೆಯನ್ನು ಮುಚ್ಚಿಡದೆ ಒಪ್ಪಿಕೊಂಡು, ಅಳೆದು, ಅಭ್ಯಾಸದಿಂದ ತುಂಬಿಕೊಂಡವರಿಗೆ ಬಾಗಿಲು ತೆರೆಯಬೇಕು ಎಂಬುದು ಅದರ ಒಂದು ಮುಖ. ಒಂದೇ ಒಂದು ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಾರಿದರೆ ಎಂಥ ನಿಪುಣರನ್ನೂ ಆಕಾಶ ಕ್ಷಮಿಸುವುದಿಲ್ಲ ಎಂಬುದು ಇನ್ನೊಂದು.